ಇಲಿ ಬಿದ್ದ ಮನೆಯ ಒಲೆ

ಅಟ್ಟದ ಮೇಲೆ ಇಲಿಗಳು ಓಡಾಡುವ ಸದ್ದು. ಸರಸರ ಓಟ, ನಡುವೆ ಒಂದು ಮೂಟೆಯಿಂದ ಇನ್ನೊಂದಕ್ಕೆ ಧೊಪ್ಪೆಂದು ನೆಗೆತ. ಮದುವೆಯಾಗಿ ಮೈಸೂರಿನಿಂದ ಅರಕೆರೆ ಪಕ್ಕದ ಈ ಊರಿಗೆ ಬಂದ ಹೊಸದರಲ್ಲಿ ಆ ಸದ್ದಿಗೆ ನಾನು ಬೆಚ್ಚಿ ಎದ್ದು ಕೂರುತ್ತಿದ್ದೆ. "ಮಲಿಕ್ಕಳವ್ವ, ಇಲಿ ಅವೆ ಅಂದ್ರೆ ಮನೇಲಿ ಭತ್ತ ಅದೆ ಅಂತ" ಎನ್ನುತ್ತಿದ್ದರು ಅತ್ತೆ. ಕಾನ್ವೆಂಟಿನ ಸಿಸ್ಟರುಗಳು ನಮಗೆ ಹೈಜೀನ್ ಕಲಿಸಿದ್ದರು. ಈ ಫಿಲಾಸಫಿ ಕಲಿಸಿರಲಿಲ್ಲ.

ಆ ಸದ್ದು ನಿಂತದ್ದು ತೊಂಬತ್ತನಾಲ್ಕರಲ್ಲಿ, ಸೂರತ್ತಿನಲ್ಲಿ ಪ್ಲೇಗು ಎಂದು ಟೀವಿಯಲ್ಲಿ ತೋರಿಸುತ್ತಿದ್ದ ದಿನಗಳಲ್ಲಿ. ಆಗ ನಮ್ಮ ಅತ್ತೆ ಗ್ರಾಮ ಪಂಚಾಯಿತಿ ಅಧ್ಯಕ್ಷೆ. ಮಹಿಳಾ ಮೀಸಲು ಬಂತೆಂದು ನಿಲ್ಲಿಸಿದ್ದರು, ಗೆದ್ದರು. ಊರವರು ಮಾತ್ರ 'ಅಧ್ಯಕ್ಷ್ರೇ' ಎಂದು ಕರೆಯುತ್ತಿದ್ದುದು ನಮ್ಮ ಯಜಮಾನರನ್ನು, ಅಂದರೆ ಅವರ ಮಗನನ್ನು. ಅತ್ತೆಗೆ ಅದರಿಂದ ಬೇಸರವೇನೂ ಇದ್ದಂತೆ ಕಾಣಲಿಲ್ಲ. ಮೀಟಿಂಗಿನಲ್ಲಿ ತಲೆ ತುಂಬ ಸೆರಗು ಹೊದ್ದು, ಎಲೆ ಅಡಿಕೆ ಮೆಲ್ಲುತ್ತ ಕೂತು ಎದ್ದು ಬರುತ್ತಿದ್ದರು.

ನಮ್ಮವರು ಮೈಸೂರಿಗೆ ಹೋದವರು ಮೂಗಿಗೆ ಕರ್ಚೀಫು ಕಟ್ಟಿಕೊಂಡು ಬಂದರು. ಸಿಗರೇಟು ಸೇದುವಾಗ ಮಾತ್ರ ಬಿಚ್ಚುತ್ತಿದ್ದರು. ಊರು ಚೊಕ್ಕಟವಾಗಿಡಿ ಎಂದಷ್ಟೇ ಮೇಲಿನವರು ಹೇಳಿದ್ದು. ಇಲಿಗಳನ್ನೇ ಮುಗಿಸಿಬಿಟ್ಟರೆ ಪ್ಲೇಗು ಎಲ್ಲಿಂದ ಬರಬೇಕು ಎನ್ನುವುದು ಇವರ ಸ್ವಂತ ಐಡಿಯಾ. ಪಟ್ಟಣದಿಂದ ಇಲಿ ಪಾಷಾಣ ತರಿಸಿ, ಪೇಪರಿನಲ್ಲಿ ಪೊಟ್ಟಣ ಕಟ್ಟಿಸಿ, ಮನೆಮನೆಯ ಹೆಂಗಸರ ಕೈಗೆ ಗುಟ್ಟಾಗಿ ಕೊಡಿಸಿದರು. ಗುಟ್ಟು ಏಕೆಂದರೆ ಗೌರಿ ಹಬ್ಬ ಮುಗಿದು ಇನ್ನೂ ತಿಂಗಳು ತುಂಬಿರಲಿಲ್ಲ. ಗಣಪತಿಯನ್ನು ನೀರಿಗೆ ಬಿಟ್ಟ ಕೈಯಲ್ಲೇ ಅವನ ವಾಹನಕ್ಕೆ ವಿಷ ಇಡುತ್ತೀರಾ ಎಂದು, ಗೊತ್ತಾಗಿದ್ದರೆ, ಹಿರಿಯರು ಬೀದಿಗಿಳಿಯುತ್ತಿದ್ದರು.

ಇಲಿಗಳಿಗೆ ಗುಟ್ಟು ಗೊತ್ತಿಲ್ಲವಲ್ಲ. ಅಟ್ಟದಿಂದ, ಸೂರಿನಿಂದ, ಹಗಲು ಹೊತ್ತಿನಲ್ಲೇ ಬಿದ್ದು ಸಾಯತೊಡಗಿದವು. ಮೊದಲು ಕಂಡದ್ದು ಬೀದಿಯ ಕೊನೆಯ ಮನೆಯಲ್ಲಿ. ಅಲ್ಲಿನ ಹಿರಿಯರು ನಮ್ಮ ಮಾವನವರಿಗೆ ದೊಡ್ಡಪ್ಪನ ಮಗ. ನಾನು ದೊಡ್ಡಮಾವ ಎನ್ನುತ್ತಿದ್ದೆ. ಹುಡುಗನಾಗಿದ್ದಾಗ ಪ್ಲೇಗಿನಲ್ಲಿ ತಾಯಿಯನ್ನು ಕಳೆದುಕೊಂಡವರು. ಇಲಿ ಬಿದ್ದರೆ ಊರು ಬಿಡಬೇಕು ಎನ್ನುವುದು ಆ ಕಾಲದವರ ಕಾನೂನು. "ಇಲಿ ಬಿತ್ತು ಕಣ್ರಲಾ, ಗಾಡಿ ಕಟ್ರಲಾ!" ಎಂದು ಅವರು ಕೂಗಿದಾಗ, ಪಾಷಾಣ ಇಟ್ಟಿದ್ದ ಅವರ ಸೊಸೆಗೆ ಬಾಯಿ ಬಿಡುವ ಧೈರ್ಯವಾಗಲಿಲ್ಲ. ಬೇರೆ ಮನೆಗಳ ಹೆಂಗಸರಿಗೂ ಅಷ್ಟೆ. ಸಂಜೆಯೊಳಗೆ ಅರ್ಧ ಊರು ಕಾಲುವೆ ಏರಿಯಾಚೆ ತೆಂಗಿನ ಗರಿಯ ಗುಡ್ಲು ಹಾಕಿಕೊಂಡು ಕೂತಿತು. ದೊಡ್ಡಮಾವನ ಗುಡ್ಲಿನಲ್ಲಿ ಅವರ ಮೊಮ್ಮಗಳಿದ್ದಳು, ಹಸಿ ಬಾಣಂತಿ, ಶೀಳನೆರೆ ಕಡೆಗೆ ಕೊಟ್ಟ ಹುಡುಗಿ. ಹಸ್ತ ಮಳೆ ಹಿಡಿಯುವಂತಿತ್ತು.

ಮರುದಿನ ಆಸ್ಪತ್ರೆಯ ಡಾಕ್ಟರು ಬಂದು ನೋಡಿ, "ಪ್ಲೇಗಿನ ಲಕ್ಷಣ ಯಾರಿಗೂ ಇಲ್ಲ. ಆದರೆ ಈ ಥಂಡಿಯಲ್ಲಿ ಆ ಮಗುವಿಗೆ ನ್ಯುಮೋನಿಯಾ ಆದರೆ ಕಷ್ಟ" ಎಂದು ನಮ್ಮ ಜಗುಲಿಯಲ್ಲಿ ಹೇಳಿಹೋದರು. ಅತ್ತೆ ಎಲೆ ಅಡಿಕೆ ಉಗಿದು ಎದ್ದರು. "ನಡಿಯವ್ವ" ಎಂದರು ನನಗೆ.

ಇಲ್ಲೊಂದು ಮಾತು ಹೇಳಬೇಕು. ಅತ್ತೆಗೆ ದೊಡ್ಡಮಾವ ವರಸೆಯಲ್ಲಿ ಭಾವ. ಗಂಡನ ಅಣ್ಣನೆದುರು ನಿಂತು ಮಾತಾಡುವ ಪದ್ಧತಿ ಅವರ ಕಾಲದಲ್ಲಿರಲಿಲ್ಲ. ಒಂದೇ ಬೀದಿಯಲ್ಲಿ ಬಾಳಿ ಮುದುಕರಾದರೂ ಇಬ್ಬರೂ ನೇರವಾಗಿ ಒಂದು ಮಾತಾಡಿದವರಲ್ಲ.

ಗುಡ್ಲಿನ ಮುಂದೆ ಅತ್ತೆ ಮುಖ ಆಚೆಗೆ ತಿರುಗಿಸಿ ನಿಂತರು. "ಯೋಳವ್ವ ನಿಮ್ ದೊಡ್ಮಾವಂಗೆ. ಇಲಿಗೆ ರೋಗ ಬಂದಿಲ್ಲ, ಪಾಷಾಣ ತಿಂದು ಸತ್ತವೆ."

ನಾನು ಹೇಳಿದೆ. ಮಾರುದೂರದಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದ ದೊಡ್ಡಮಾವ ನನಗೇ ಉತ್ತರ ಕೊಟ್ಟರು. "ಯೋಳವ್ವ ನಿಮ್ಮತ್ತೆಗೆ. ಓಟಿನ ಟೈಮ್ನಾಗೆ ಚರಂಡಿ ಮಾಡಿಸ್ತೀವಿ ಅಂದ್ರಲ್ಲ, ಅದೂ ಇಂಗೇ ನಂಬಿದ್ವಿ. ಎಲ್ಲವ್ವ ಚರಂಡಿ?"

ನಾನು ಟೆಲಿಫೋನ್ ಎಕ್ಸ್‌ಚೇಂಜಿನಂತೆ ಮಧ್ಯೆ ನಿಂತಿದ್ದೆ. ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು. ಅಷ್ಟರಲ್ಲಿ ಒಳಗಿನಿಂದ ಮೊಮ್ಮಗಳು, "ತಾತ, ಮಗೀನ ಕಾಲು ತಣ್ಣಗಾಗವೆ" ಎಂದಳು.

ಅತ್ತೆ ತಿರುಗಿದರು. ತಲೆಯ ಮೇಲಿನ ಸೆರಗನ್ನು ಕಿವಿಯ ಹಿಂದಕ್ಕೆ ಸರಿಸಿ, "ಭಾವ" ಎಂದರು. "ಪಾಷಾಣ ತಂದಿದ್ದು ನನ್ ಮಗ. ನಿಮಗ್ಯಾರಿಗೂ ಗೊತ್ತಾಗ್ದಂಗೆ ಹೆಂಗಸ್ರ ಕೈಲಿ ಇಡಿಸ್ದ. ಅಧ್ಯಕ್ಷೆ ಆಗಿರೋಳು ನಾನು. ತಪ್ಪು ನಂದು. ನಿಮ್ ಸೊಸೆನ ಬಯ್ಬೇಡಿ, ಬಯ್ಯಂಗಿದ್ರೆ ನನ್ನ ಬಯ್ರಿ. ಆ ಕೂಸ್ನ ಮಾತ್ರ ಮನೆಗೆ ಕರ್ಕಂಡ್ ಬನ್ನಿ."

ದೊಡ್ಡಮಾವ ಕೂತಲ್ಲಿಂದ ಎದ್ದು ನಿಂತರು. ಅಕ್ಕಪಕ್ಕದ ಗುಡ್ಲುಗಳಿಂದ ತಲೆಗಳು ಹೊರಬಂದವು. ಮೆಲ್ಲಗೆ, ನೇರವಾಗಿ ಅತ್ತೆಗೇ ಹೇಳಿದರು: "ನಮ್ಮಪ್ಪಂಗೂ ಇಂಗೇ ಯೋಳಿದ್ರು ಕಣವ್ವ, ಏನಿಲ್ಲ, ಮನೇಲೇ ಇರಿ ಅಂತ. ಅಪ್ಪ ನಂಬ್ದ. ವಾರ ತುಂಬ್ಲಿಲ್ಲ, ಅವ್ವನ್ನ ಎತ್ತಿದ್ವಿ." ಕಣ್ಣೊರೆಸಿಕೊಂಡರು. "ನೀನು ಓಗಿ ನನ್ ಮನೇಲಿ ಒಲೆ ಹಚ್ಚು. ಅಲ್ಲೇ ಉಣ್ಣು, ಅಲ್ಲೇ ಮಲಿಕ್ಕ. ಬೆಳಿಗ್ಗೆ ಹೆಂಚಿನ್ ಮೇಲೆ ಒಗೆ ಎದ್ದದ್ದು ಕಂಡ್ರೆ ಬತ್ತೀನಿ."

"ಆಯ್ತು ಭಾವ" ಎಂದು ಅತ್ತೆ ಹೊರಟೇಬಿಟ್ಟರು.

ನಾನೂ ಹೋದೆ. ಪಾಷಾಣವೇ ಎಂದು ಗೊತ್ತಿದ್ದೂ ಆ ಹೊಸಿಲು ದಾಟುವಾಗ, ಹಾನೆಸ್ಟ್ಲಿ, ಮನಸ್ಸಿನಲ್ಲಿ ಕಾನ್ವೆಂಟಿನ ಹೇಲ್ ಮೇರಿ ಪ್ರಾರ್ಥನೆ ಹೇಳಿಕೊಂಡೆ. ಕೈಗೆ ಪ್ಲಾಸ್ಟಿಕ್ ಕವರು ಸುತ್ತಿಕೊಂಡು ಇಲಿಗಳನ್ನೆಲ್ಲ ಆಳವಾಗಿ ಹೂತೆವು, ನೆಲ ತೊಳೆದೆವು. ಅತ್ತೆ ಒಲೆ ಹಚ್ಚಿ ಮುದ್ದೆಗೆ ಎಸರಿಟ್ಟರು. ನಮ್ಮವರು ಕರ್ಚೀಫು ಕಟ್ಟಿಕೊಂಡೇ ಬಾಗಿಲಿಗೆ ಬಂದರು.

"ಅವ್ವಾ, ಮಾನ ತೆಗೆದ್ಬುಟ್ಟೆ ಕಣವ್ವ. ತಪ್ಪು ನಂದು ಅಂತ ಯಾವ ಅಧ್ಯಕ್ಷರಾದ್ರೂ ಯೋಳ್ತಾರಾ?"

"ಯೋಳ್ದೆ ಇದ್ದದ್ದಕ್ಕೇ ಅಲ್ವೇನ್ಲಾ ಊರು ಖಾಲಿಯಾಗಿದ್ದು? ಒಳಿಕ್ ಬಾ, ಮುದ್ದೆ ಬಿಸಿಯಾಗದೆ. ಆ ಮೂಗ್ದಾರ ಬಿಚ್ಚಿಟ್ಟು ಉಣ್ಣು."

ಅವರು ಉಂಡರು. ಆದರೆ ಬಹಳ ದಿನ ತಾಯಿಯೊಡನೆ ಸರಿಯಾಗಿ ಮಾತಾಡಲಿಲ್ಲ.

ಬೆಳಗಾಗುವ ಹೊತ್ತಿಗೆ ಮಳೆ ಹಿಡಿದಿತ್ತು. ಅತ್ತೆ ಹಂಡೆ ತುಂಬ ನೀರು ತುಂಬಿ ಬಚ್ಚಲೊಲೆಗೂ ಉರಿ ಹಾಕಿದರು. ಹಸಿ ಸೌದೆ, ಹೆಂಚಿನ ಸಂದಿಯಿಂದೆಲ್ಲ ಹೊಗೆ ಎದ್ದಿತು. ಹೆಚ್ಚು ಹೊತ್ತಾಗಲಿಲ್ಲ, ಕಂಬಳಿ ಮುಚ್ಚಿದ ಗಾಡಿಯೊಂದು ಬೀದಿಗೆ ಬಂತು. ದೊಡ್ಡಮಾವ ನೆನೆಯುತ್ತ ಎತ್ತಿನ ಪಕ್ಕ ನಡೆಯುತ್ತಿದ್ದರು. ಅತ್ತೆ ಅಂಗಳಕ್ಕಿಳಿದು ಬಾಣಂತಿಯ ಮಡಿಲಿನಿಂದ ಮಗುವನ್ನೆತ್ತಿ ತಮ್ಮ ಸೆರಗಿನೊಳಗೆ ಹಾಕಿಕೊಂಡು, "ನೀರು ಕಾದದೆ" ಎಂದಷ್ಟೇ ಅಂದರು. ಮಧ್ಯಾಹ್ನದೊಳಗೆ ಉಳಿದ ಗಾಡಿಗಳೂ ತಿರುಗಿದವು.

ಅತ್ತೆಯನ್ನು ಎಲೆಕ್ಷನ್ನಿಗೆ ನಿಲ್ಲಿಸಿದ್ದ ತಾಲ್ಲೂಕಿನ ಲೀಡರು ಸಂಜೆ ಜೀಪಿನಲ್ಲಿ ಬಂದು, "ಅಮ್ನೋರು ಜನದ ಮುಂದೆ ಅಂಗೆಲ್ಲ ಒಪ್ಕಬಾರ್ದಿತ್ತು" ಎಂದು ಕಾಫಿ ಕುಡಿದು ಹೋದರು. ಮುಂದಿನ ಸಲ ಅತ್ತೆಯನ್ನು ಯಾರೂ ನಿಲ್ಲಲು ಕೇಳಲಿಲ್ಲ. ಮೊನ್ನೆಮೊನ್ನೆ ಕೊರೊನಾ ಬಂದು ಮನೆಯಲ್ಲಿ ಕೂತಿದ್ದಾಗ, ಟೀವಿಯಲ್ಲಿ ಎಷ್ಟೋ ದೊಡ್ಡವರ ಭಾಷಣ ಕೇಳಿದೆ. ಸೆರಗು ಸರಿಸಿ ನಿಂತ ಅತ್ತೆಯ ಆ ಮುಖವೇ ಕಣ್ಣ ಮುಂದೆ ಬರುತ್ತಿತ್ತು.

ಗುಡ್ಲಿನಲ್ಲಿದ್ದ ಆ ಮಗುವಿಗೆ ಐದು ತಿಂಗಳಾದಾಗ ದೊಡ್ಡಮಾವ ಮೊಮ್ಮಗಳನ್ನು ಗಂಡನ ಮನೆಗೆ ಕಳಿಸಿದರು. ನಾನು ಮಗುವಿಗೆ ಗುಲಾಬಿ ವುಲ್ಲನ್ನಿನಲ್ಲಿ ಬಾನೆಟ್ ಟೋಪಿ ಹೆಣೆದಿದ್ದೆ, ಕಾನ್ವೆಂಟಿನ ನಿಟಿಂಗು. ಅಳತೆ ತಪ್ಪಿ ದೊಡ್ಡದಾಗಿತ್ತು. ಅರಕೆರೆಯ ಬಸ್‌ಸ್ಟಾಪಿನಲ್ಲಿ ದೊಡ್ಡಮಾವ ತೊಟ್ಟಿಲನ್ನು ಬಸ್ಸಿನ ಟಾಪಿಗೆ ಹಾಕಿಸುತ್ತ, "ಮೆಲ್ಲಗೆ ಇಕ್ಲಾ, ಅದು ಭತ್ತದ ಮೂಟೆಯಲ್ಲ" ಎಂದು ಕಂಡಕ್ಟರನ ಮೇಲೆ ರೇಗುತ್ತಿದ್ದರು. ಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ದಾಟಿ ಹೋಗಬೇಕಾದ ದಾರಿ. ಹುಡುಗಿ ಕಿಟಕಿಯ ಪಕ್ಕ ಕೂತು ಮಗುವಿನ ಕೈ ಹಿಡಿದು ನಮ್ಮತ್ತ ಆಡಿಸಿದಳು. ಬಾನೆಟ್ಟು ಜಾರಿ ಅದರ ಕಣ್ಣು ಮುಚ್ಚಿತು. ಅವಳು ಮೇಲಕ್ಕೆತ್ತಿದಳು, ಮತ್ತೆ ಜಾರಿತು. ಬಸ್ಸು ಹೊರಟಾಗ ಗುಲಾಬಿ ವುಲ್ಲನ್ನಿನ ಕೆಳಗೆ ಹಲ್ಲಿಲ್ಲದ ಬಾಯಿಯೊಂದು ಯಾರಿಗೋ ನಗುತ್ತಿತ್ತು. ಆಮೇಲೆ ಅವಳು ತವರಿಗೆ ಬಂದಾಗಲೆಲ್ಲ ನಾನು ಊರಲ್ಲಿರಲಿಲ್ಲ, ಆ ಮಗು ಬೆಳೆದ ಸುದ್ದಿ ಕೇಳಿದೆನೇ ಹೊರತು ಮತ್ತೆ ನೋಡಲಿಲ್ಲ.