ಸುಭೇದಾರರು ಒಳಗೆ ಹೋದದ್ದು, ಹೊರಗೆ ಬಂದದ್ದು

ಎಂಬತ್ತರ ದಶಕದ ಕೊನೆಯಲ್ಲಿ ನಮ್ಮ ಸೈನ್ಯ ಪಕ್ಕದ ದ್ವೀಪದೇಶದ ಒಳಜಗಳ ನಿಲ್ಲಿಸಲು ಹೋಗಿದ್ದಾಗ, ಖಡಕಿಯ ನಮ್ಮ ಚಾಳಿನ ಕಟ್ಟೆಯ ಮೇಲೆ ನಾವು ಗುಮಾಸ್ತರೆಲ್ಲ ದಿನಾ ಸಂಜೆ ಮಾತಿನಲ್ಲೇ ಆ ಯುದ್ಧ ನಡೆಸುತ್ತಿದ್ದೆವು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ನಡುನಡುವೆ ಮನೆಗೆ ಓಡುವ ನಾನೇ ಅದರಲ್ಲಿ ಎಲ್ಲರಿಗಿಂತ ಮುಂದೆ.

"ಬಲ ಇದ್ದವರು ನುಗ್ಗಿ ಎಲ್ಲಾ ಸರಿ ಮಾಡಿ ಬರಬೇಕ್ರಿ" ಎನ್ನುತ್ತಿದ್ದೆ.

ಪಕ್ಕದ ಮನೆಯ ನಿವೃತ್ತ ಸುಭೇದಾರರು ಎಪ್ಪತ್ತೊಂದರ ಯುದ್ಧದಲ್ಲಿ ಪೂರ್ವದ ಗಡಿ ದಾಟಿ ಹೋಗಿಬಂದವರು. ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ಪ್ರತಿ ಸಲವೂ ಒಂದೇ ಮಾತು ಕೇಳುತ್ತಿದ್ದರು: "ಹೋಗೋದು ಖರೆ. ಹೊರಗ ಯಾವಾಗ ಬರ್ತೀರಿ?"

ಒಂದು ಸಂಜೆ ಎದುರು ಮನೆಯ ಅಣ್ಣತಮ್ಮಂದಿರಿಗೆ ಮನೆಯಲ್ಲಿದ್ದ ಎರಡೇ ಖೋಲಿಗಳ ಪಾಲಿಗಾಗಿ ಜಗಳ ಹತ್ತಿತು. ಅಣ್ಣ ತಮ್ಮನ ಕುತ್ತಿಗೆ ಹಿಚುಕಿ ಹಿಡಿದ.

"ಸುಭೇದಾರ್ರ, ಲಗೂನ ಬರ್ರಿ, ಕೊಲ್ತಾನ!" ಎಂದು ಅವರ ತಾಯಿ ಚೀರಿದರು.

ಪೊಲೀಸರನ್ನು ಕರೆಯುವುದೋ ಬೇಡವೋ ಎಂದು ನಾವು ಚರ್ಚಿಸುವಷ್ಟರಲ್ಲಿ ಸುಭೇದಾರರು ಚಪ್ಪಲಿಗಳನ್ನು ಹೊರಮುಖವಾಗಿ ತಿರುಗಿಸಿ ಬಿಟ್ಟು ಒಳಹೊಕ್ಕರು. ಅಣ್ಣನ ಕೈ ತಿರುಚಿ ಬಿಡಿಸಿ, ಇಬ್ಬರನ್ನೂ ಬೇರೆ ಬೇರೆ ಖೋಲಿಯಲ್ಲಿ ಕೂಡಿಸಿದರು.

ತಾಯಿ ಕೈ ಮುಗಿದರು. "ನೀವ ಕುಂತು ಪಾಲೂ ಮಾಡಿ ಹೋಗ್ರಿ. ನಿಮ್ಮ ಮಾತು ಕೇಳ್ತಾರ."

ಸುಭೇದಾರರು ಚಹಾಕ್ಕೂ ನಿಲ್ಲಲಿಲ್ಲ. "ಪಾಲು ನಿಮ್ಮ ಮನಿ ಮಾತು, ಅವ್ವಾರ. ಮತ್ತ ಕೈ ಕುತ್ತಿಗಿಗೆ ಬಂತಂದ್ರ ಕರೀರಿ, ಬರ್ತೀನಿ" ಎಂದು ಹೊರಬಂದರು.

ನನಗೆ ಆಗಲೇ ಮರುದಿನದ ಚಿಂತೆ. "ನಾಳೆ ಮತ್ತ ಜಗಳಾಡ್ತಾರಲ್ರಿ?"

"ಆಡ್ಲಿ ಬಿಡ್ರಿ," ಎಂದರು. "ಆಡಾಕ ಇಬ್ಬರೂ ಜೀವಂತ ಉಳದಾರಲ್ಲಾ."