ಪೂಜಾ ಮಂತ್ರಿ

ಲೋಕಸಭೆ ಚುನಾವಣೆಯ ಡ್ಯೂಟಿ ಬಂತೆಂದರೆ ನನಗೆ ತಲೆ ಕೆಡುತ್ತದೆ. ನರಸೀಪುರದ ಸರ್ಕಾರಿ ಆಫೀಸಿನಲ್ಲಿ ಕ್ಲರ್ಕ್ ಆಗಿರುವ ನನ್ನನ್ನು ನಂಜನಗೂಡು ಕಡೆಯ ಯಾವುದೋ ಮತಗಟ್ಟೆಗೆ ಹಾಕುತ್ತಾರೆ. ಸೆಖೆ, ಸೊಳ್ಳೆ, ಶಾಲೆಯ ಬೆಂಚಿನ ಮೇಲೆ ನಿದ್ದೆ. ಆ ಸಲ ಹೊರಡುವಾಗ ಮಗಳು ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದಳು. ಸೋಮನಾಥಪುರದ ಕಡೆಯ ನಮ್ಮ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಅವಳು ಆರನೇ ಕ್ಲಾಸು ಮುಗಿಸಿದ್ದಳು. ಬ್ಯಾಗಿಗೆ ಬಟ್ಟೆ ತುರುಕುತ್ತಲೇ ವಿವರಿಸಿದೆ. ದೇಶವನ್ನು ಐನೂರ ನಲವತ್ತಮೂರು ತುಂಡು ಮಾಡಿದ್ದಾರೆ, ಒಂದೊಂದು ತುಂಡಿನಿಂದ ಒಬ್ಬೊಬ್ಬರು ದೆಹಲಿಗೆ ಹೋಗುತ್ತಾರೆ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಯಾರ ಬೆನ್ನಿಗಿರುತ್ತಾರೋ ಅವರೇ ಪ್ರಧಾನಿ. ಗದ್ದೆಯ ಯಜಮಾನನಿಗೂ ಒಂದೇ ಓಟು, ನಾಟಿ ಹಾಕುವವಳಿಗೂ ಒಂದೇ ಓಟು. ಯಾರಿಗೆ ಹಾಕಿದೆ ಅಂತ ಯಾರೂ ಕೇಳುವ ಹಾಗಿಲ್ಲ.

"ನಮ್ದು ಮೀಸಲು ಕ್ಷೇತ್ರ. ಯಾವ ಪಕ್ಷ ಆದ್ರೂ ಪರಿಶಿಷ್ಟ ಜಾತಿಯೋರನ್ನೇ ನಿಲ್ಲಿಸ್ಬೇಕು" ಅಂದೆ.

"ಅಂದ್ರೆ ಮೇಲಿನ ಬೀದಿಯೋರೂ ನಮ್ಮೋರ್ಗೇ ಓಟ್ ಹಾಕ್ಬೇಕಾ?"

"ಹಾಕ್ದೆ ಇನ್ನೇನ್ ಮಾಡ್ತಾರೆ!"

ನಮ್ಮ ಕೇರಿಯ ಹುಡುಗಿಗೆ ಇದು ಎಷ್ಟು ಹಿಡಿಸಿತೆಂದರೆ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ.

ಬೇಸಿಗೆ ರಜೆ ಮುಗಿದು ಶಾಲೆ ಶುರುವಾದ ಮೇಲೆ ಅಲ್ಲಿ ಶಾಲಾ ಸಂಸತ್ತಿನ ಚುನಾವಣೆ ನಡೆಯಿತು. ಮೇಷ್ಟ್ರು ತಮ್ಮ ಮೊಬೈಲನ್ನೇ ಮತಯಂತ್ರ ಮಾಡಿ ರಟ್ಟಿನ ಮರೆಯಲ್ಲಿ ಇಟ್ಟಿದ್ದರಂತೆ. ಬಟನ್ ಒತ್ತಿದರೆ ಕುಂಯ್ ಅಂತ ಸದ್ದು. ನನ್ನ ಮಗಳು ಗೆದ್ದು ಪ್ರಧಾನಿಯಾದಳು. ಮೇಲಿನ ಬೀದಿಯ ಮಕ್ಕಳೂ ಅವಳಿಗೆ ಹಾಕಿದ್ದರು. ಹಾಕದಿದ್ದರೆ ಎಲ್ಲಿ ಗೆಲ್ಲುತ್ತಿದ್ದಳು, ಆ ಶಾಲೆಯಲ್ಲಿ ನಮ್ಮ ಕೇರಿಯ ಮಕ್ಕಳೇ ಕಮ್ಮಿ. ಅವತ್ತು ಮನೆಯಲ್ಲಿ ಪಾಯಸ ಮಾಡಿದೆ. ಬುದ್ಧನ ಪಟಕ್ಕೆ ಅವಳೇ ಹೂವಿಟ್ಟಳು.

ಶಾಲೆಯಲ್ಲಿ ಪ್ರತಿ ಶುಕ್ರವಾರ ಸರಸ್ವತಿ ಪೂಜೆ. ಮಂಗಳಾರತಿ ಆದ ಮೇಲೆ ಶಾಲೆಯ ಪ್ರಧಾನಿಯೇ ಎಲ್ಲರಿಗೂ ಕೋಸಂಬರಿ ಹಂಚಬೇಕು, ಅದು ಮೊದಲಿಂದ ಬಂದ ರೂಢಿ. ಆ ಶುಕ್ರವಾರ ಮಗಳು ತಟ್ಟೆ ಹಿಡಿದು ಸಾಲಿನ ಮುಂದೆ ಹೋದಳು. ಮೇಲಿನ ಬೀದಿಯ ಮಕ್ಕಳು ಕೈ ಚಾಚಲಿಲ್ಲ. ಒಬ್ಬ ಹೊಟ್ಟೆನೋವು ಅಂದ. "ಬ್ಯಾಡ ಕಣೇ, ನಮ್ಮವ್ವ ಬೈತದೆ" ಅಂದಳು ಇನ್ನೊಬ್ಬಳು. ಅವಳು ದಿನವೂ ಇವಳ ಪಕ್ಕದಲ್ಲೇ ಕೂರುವ ಗೆಳತಿ.

ಮುಂದಿನ ಶುಕ್ರವಾರದ ಹೊತ್ತಿಗೆ ಸಂಸತ್ತಿನಲ್ಲಿ ಹೊಸ ಖಾತೆಯೊಂದು ಹುಟ್ಟಿಕೊಂಡಿತ್ತು: ಪೂಜಾ ಮಂತ್ರಿ. ಮೇಲಿನ ಬೀದಿಯ ಒಬ್ಬ ಹುಡುಗ. ಅದಕ್ಕೆ ಚುನಾವಣೆ ಇಲ್ಲ, ಓಟಿಲ್ಲ, ಮಣ್ಣೂ ಇಲ್ಲ. ಕೋಸಂಬರಿ ಅವನ ಕೈಯಿಂದ ಹಂಚಿದ್ದೇ ತಡ, ಎಲ್ಲರ ಹೊಟ್ಟೆನೋವೂ ವಾಸಿಯಾಯಿತು.

ಕೇರಿಯ ಬೇರೆ ಮಕ್ಕಳ ಬಾಯಿಂದ ಇದೆಲ್ಲ ಗೊತ್ತಾದಾಗ ನನಗೆ ಮೈಯೆಲ್ಲ ಉರಿದುಹೋಯಿತು. ರಜೆ ಹಾಕಿ ಶಾಲೆಗೆ ಹೋದೆ. ಹೆಡ್‌ಮೇಷ್ಟ್ರು ಕುರ್ಚಿ ಎಳೆದು ಕೂರಿಸಿ ಟೀ ತರಿಸಿದರು.

"ಪ್ರಧಾನಿ ನಿಮ್ಮ ಮಗಳೇ ಮೇಡಂ, ಅದನ್ನ ಯಾರೂ ಕಿತ್ಕೊಂಡಿಲ್ಲ. ಪೂಜೆ ಒಂದನ್ನ ಆ ಹುಡುಗ ನೋಡ್ಕೋತಾನೆ, ಅಷ್ಟೆ. ಆ ಬೀದಿಯೋರು ಬಂದು ಟೀಸಿ ಕೇಳ್ತಾವ್ರೆ. ಮಕ್ಕಳನ್ನ ಕಾನ್ವೆಂಟಿಗೆ ಹಾಕ್ಬಿಟ್ರೆ ಸ್ಕೂಲೇ ಮುಚ್ಚೋಗುತ್ತೆ. ನೀವು ಓದಿರೋರು, ಅರ್ಥ ಮಾಡ್ಕೋಬೇಕು."

ಓದಿರೋರಂತೆ! ಅರ್ಥ ಮಾಡಿಕೊಳ್ಳುವ ಕೆಲಸವನ್ನು ಯಾವಾಗಲೂ ನಮ್ಮ ತಲೆಗೇ ಕಟ್ಟುತ್ತಾರೆ. ಆ ಟೀಯನ್ನು ನಾನು ಮುಟ್ಟಲಿಲ್ಲ. ಅವರ ಹಿಂದಿನ ಗೋಡೆಯ ಮೇಲೆ ಮತಗಟ್ಟೆಯ ನಂಬರು ಇನ್ನೂ ಅಳಿಸಿರಲಿಲ್ಲ.

"ಮೊನ್ನೆ ಮೊನ್ನೆ ಇದೇ ರೂಮಲ್ಲಿ ನಿಂತು ಅವ್ರೆಲ್ಲ ನಮ್ಮೋರನ್ನ ದೆಹಲಿಗೆ ಕಳಿಸಿದ್ರಲ್ಲ ಸಾರ್. ನಮ್ಮೋರು ಕಾನೂನು ಮಾಡಿದ್ರೆ ಆಗುತ್ತೆ, ಹೆಸರುಬೇಳೆ ಹಂಚಿದ್ರೆ ಆಗಲ್ವಾ? ಹಂಚಿದ್ರೆ ನನ್ನ ಮಗಳೇ ಹಂಚ್ಬೇಕು. ಇಲ್ದಿದ್ರೆ ಪೂಜೆನೇ ಬೇಡ. ನಾನು ಮೇಲಕ್ಕೆ ದೂರು ಕೊಡ್ತೀನಿ."

ಅವರು ಮೆಲ್ಲಗೆ ಹೇಳಿದರು: "ಬೇಡ ಅಂದಿದ್ದು ನಿಮ್ಮ ಮಗಳೇ ಮೇಡಂ. ಅವತ್ತು ತಟ್ಟೆ ತಂದು ಈ ಟೇಬಲ್ ಮೇಲಿಟ್ಟು, ಇನ್ಮೇಲೆ ಬೇರೆ ಯಾರಾದ್ರೂ ಕೊಡ್ಲಿ ಸಾರ್, ಅಂದ್ಲು. ಆಮೇಲೇನೇ ನಾವು ಆ ಹುಡುಗನ್ನ ಮಾಡಿದ್ದು."

ಶಾಲೆ ಬಿಡುವವರೆಗೂ ಹೊರಗೆ ಕಾದಿದ್ದು, ಮಗಳನ್ನು ಕರೆದುಕೊಂಡು ಮನೆ ಕಡೆ ಹೊರಟೆ. ಅಷ್ಟೂ ಹೊತ್ತು ಆ ಬೀದಿಯವರ ಮೇಲಿದ್ದ ಸಿಟ್ಟು ಈಗ ಅವಳ ಮೇಲೆ ತಿರುಗಿತ್ತು.

"ಯಾಕೆ ಬಿಟ್ಕೊಟ್ಟೆ ಹೇಳು. ಗೆದ್ದಿದ್ದು ನೀನಲ್ವಾ? ಆ ಮಕ್ಕಳೇ ನಿಂಗೆ ಓಟ್ ಹಾಕಿದ್ರಲ್ವಾ?"

ಅವಳು ನನ್ನ ಮುಖ ನೋಡಲಿಲ್ಲ.

"ಹಾಕಿದ್ರು" ಅಂದಳು. "ಬಟನ್ ಒತ್ತೋಕೆ ನನ್ನ ಮುಟ್ಬೇಕಾಗಿರ್ಲಿಲ್ವಲ್ಲಮ್ಮ."