ಓದಲಾಗದ ಆಜ್ಞೆ

ಶಿರಸಿಯ ಆ ಗ್ಯಾರೇಜಿನ ಮೇಸ್ತ್ರಿ ಏನನ್ನೇ ಮುಟ್ಟುವ ಮೊದಲು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದರು, ನನ್ನ ಲ್ಯಾಪ್‌ಟಾಪಿಗೂ ಅದೇ ಮರ್ಯಾದೆ. "ಎಂತ ಕಾಣ್ತದೆ ಅದನ್ನ ಹೇಳಿ, ಎಂತ ಇರ್ಬೇಕು ಅಂತ ಬೇಡ" ಎಂದು ಗಿರಾಕಿಗಳಿಗೆಲ್ಲ ಹೇಳುತ್ತಿದ್ದರು.

ಗಾಡಿ ಎತ್ತುವ ಅವರ ಲಿಫ್ಟಿಗೆ ಪ್ರೋಗ್ರಾಂ ಬರೆದ ಮಹಾಶಯ ನಾನು. ಬಟನ್ ಒತ್ತಿದಂತೆಲ್ಲ ಯಂತ್ರಕ್ಕೆ ಹೋದ ಆಜ್ಞೆ ಲ್ಯಾಪ್‌ಟಾಪಿನ ಪರದೆಯಲ್ಲಿ ಮೂಡುತ್ತಿತ್ತು. ಅಂದು ಲಿಫ್ಟಿನ ಮೇಲಿದ್ದ ಜೀಪಿನಡಿಯ ವೈರು ಕೈಗೆಟುಕಲೆಂದು ಲಿಫ್ಟನ್ನು ಸ್ವಲ್ಪ ಇಳಿಸಿ, ನಿಲ್ಲಿಸುವ ಬಟನ್ ಒತ್ತಿದೆ. "ಕೆಳಗೆ" ಎಂಬ ಪದದ ನಂತರ "ನಿಲ್ಲು" ಎಂದು ಬರಬೇಕಿತ್ತು. ಬಂದದ್ದು ಉದ್ದನೆಯ ಒಂದು ಸಂಖ್ಯೆ. ಈಗಲೂ ಕಣ್ಣು ಮುಚ್ಚಿದರೆ ಅದೇ ಕಾಣುತ್ತದೆ.

"ಇದೆಂತ ಸರ್, ನಂಬರು?"

"ಏನಿಲ್ಲ ಮೇಸ್ತ್ರಿ. ಪದ ಮೆಮೊರಿಯಲ್ಲಿ ಎಲ್ಲಿದೆ ಅನ್ನೋ ವಿಳಾಸ ಅದು. ಅಲ್ಲಿ ಹೋಗಿ ಓದೋಕೆ ಆಗ್ದಿದ್ರೆ ಬರೀ ವಿಳಾಸ ತೋರಿಸ್ತದೆ, ಅಷ್ಟೇ" ಎಂದು ಕಾಲೇಜಿನ ಜ್ಞಾನವನ್ನೆಲ್ಲ ಸುರಿಯುತ್ತ ಜೀಪಿನ ಅಡಿಗೆ ಹೋಗಿ ಕುಕ್ಕರಗಾಲಲ್ಲಿ ಕೂತೆ.

"ಅಲ್ಲ ಸರ್, ನಿಲ್ಲು ಅಂದಿದ್ದು ಅದಕ್ಕೆ ಓದೂಕೇ ಬರ್ಲಿಲ್ಲ ಅಂದ್ರೆ ನಿಲ್ಲೂದು ಹ್ಯಾಂಗೆ?"

ನಾನು ನಕ್ಕೆ. ನಗು ಮುಗಿಯುವ ಮೊದಲೇ ಅವರು ನನ್ನ ಕಾಲರ್ ಹಿಡಿದು ಹೊರಗೆಳೆದಿದ್ದರು. ನಿಲ್ಲದೇ ಇದ್ದ ಲಿಫ್ಟು ಸದ್ದಿಲ್ಲದೆ, ನಿಧಾನವಾಗಿ ನೆಲದವರೆಗೂ ಇಳಿದು ಅಡಿಯಲ್ಲಿದ್ದ ನನ್ನ ಟೂಲ್ ಬ್ಯಾಗನ್ನು ಅಪ್ಪಚ್ಚಿ ಮಾಡಿತು.

"ಅದು ತಪ್ಪು ವಿಳಾಸ, ಅಂದ್ರೆ..." ನಾನು ಮತ್ತೆ ವಿವರಿಸತೊಡಗಿದೆ.

"ಪಾಠ ಆಮೇಲೆ ಮಾಡಿ ಸರ್. ಈಗ ಕಾಲರ್ ಬಿಡ್ಲಾ?"

"ಬೇಡ," ಎಂದೆ. "ಇನ್ನೂ ಸ್ವಲ್ಪ ಹೊತ್ತು ಹಿಡ್ಕೊಂಡಿರಿ."